ಎಂಬತ್ತನಾಲ್ಕು ಬ್ಯಾಕಪ್ಪುಗಳೂ ಹದಿನೇಳು ಕೋಟುಗಳೂ

ಲಿನಕ್ಸ್ ಕಲಿತೇ ತೀರುತ್ತೇನೆ! ಅದೂ ಅ ಆ ಇ ಈಯಿಂದ ಹಿಡಿದು ಪಂಡಿತರು ತಲೆದೂಗುವ ಮಟ್ಟದವರೆಗೆ! ಅದೂ ನೂರೇ ದಿನಗಳಲ್ಲಿ! ಹೀಗೆಂದು ನಾನು ಬೆಳಗಿನ ತಿಂಡಿಯ ಹೊತ್ತಿಗೆ ಭೀಷಣ ಪ್ರತಿಜ್ಞೆ ಮಾಡಿದಾಗ ನನ್ನ ಹೆಂಡತಿ ಸೂಜಿಗೆ ದಾರ ಪೋಣಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಹೋದ ವರ್ಷ ಈಜು ಕಲೀತೀನಿ ಅಂದಿದ್ರಿ."

"ಅದು ನೀರು ಕಣೇ. ಇದು ವಿದ್ಯೆ!"

ಪ್ರತಿಜ್ಞೆಗೆ ಕಾರಣವಿತ್ತು. ಪಂಪಿನ ಬಿಡಿಭಾಗಗಳ ಗೋದಾಮಿನಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಸ್ಟೋರ್‌ಕೀಪರ್. ಒಂದು ದಿನ ನಮ್ಮ ಸರ್ವರ್, ಅಂದರೆ ಆಫೀಸಿನ ಕಂಪ್ಯೂಟರುಗಳಿಗೆಲ್ಲ ಯಜಮಾನನಂತಿರುವ ದೊಡ್ಡ ಕಂಪ್ಯೂಟರ್, ಮೂರ್ಛೆ ಹೋಯಿತು. ರಿಪೇರಿಗೆ ಬಂದ ಹೆಣ್ಣುಮಗಳು ಕಪ್ಪು ಪರದೆಯ ಮೇಲೆ ಮೂರು ಸಾಲು ಕುಟ್ಟಿದಳು, ಅದು ಎದ್ದು ಕೂತಿತು. ಆ ಯಜಮಾನನನ್ನು ಒಳಗಿನಿಂದ ನಡೆಸುವ ತಂತ್ರಾಂಶದ ಹೆಸರೇ ಲಿನಕ್ಸ್ ಅಂತೆ. ನಮ್ಮ ಮ್ಯಾನೇಜರು ತಮ್ಮ ಸ್ವಂತ ಕುರ್ಚಿ ಬಿಟ್ಟುಕೊಟ್ಟು "ಕೂತ್ಕೊಳ್ಳಿ ಮೇಡಂ" ಎಂದರು. ಇಪ್ಪತ್ತೆರಡು ವರ್ಷದಲ್ಲಿ ಅವರು ನನಗೆ ಸ್ಟೂಲನ್ನೂ ತೋರಿಸಿದವರಲ್ಲ. ನನಗೆ ಬೇಕಾಗಿದ್ದದ್ದು ಲಿನಕ್ಸೋ ಆ ಕುರ್ಚಿಯೋ ಎಂದು ಈಗ ಯಾರಾದರೂ ಕೇಳಿದರೆ ಸ್ವಲ್ಪ ಯೋಚಿಸಿಯೇ ಉತ್ತರ ಹೇಳಬೇಕು.

ಭಾವಮೈದ ಬಿಸಾಡಲಿದ್ದ ಹಳೆಯ ಕಂಪ್ಯೂಟರನ್ನು ತಂದು ಮೆಟ್ಟಿಲ ಕೆಳಗೆ, ಇಸ್ತ್ರಿ ಮೇಜಿನ ಪಕ್ಕದಲ್ಲಿ ಸ್ಥಾಪಿಸಿದೆ. ದಪ್ಪ ಪುಸ್ತಕವೊಂದನ್ನು ಕೊಂಡೆ. ಮೊದಲ ಅಧ್ಯಾಯದಲ್ಲೇ ನನಗೆ ಮೈ ಜುಮ್ಮೆಂದಿತು. ಲಿನಕ್ಸಿನಲ್ಲಿ ರೂಟ್ ಎಂಬೊಬ್ಬ ಸರ್ವಾಧಿಕಾರಿ ಇದ್ದಾನೆ. ಅವನು ಹೇಳಿದ್ದಕ್ಕೆ ಯಂತ್ರ ಎದುರಾಡುವುದಿಲ್ಲ, "ಯಾಕೆ?" ಎಂದು ಕೇಳುವುದಿಲ್ಲ, ಹೋದ ವರ್ಷದ್ದನ್ನು ಎತ್ತಿ ಆಡುವುದಿಲ್ಲ. ಮದುವೆಯಾಗಿ ಹತ್ತೊಂಬತ್ತು ವರ್ಷ ಕಳೆದವನಿಗೆ ಇಂಥ ಪದವಿಯೊಂದು ಭೂಮಿಯ ಮೇಲೆ ಇದೆ ಎಂಬುದೇ ದೊಡ್ಡ ಸುದ್ದಿ!

ಆದರೆ ಪ್ರಜೆಗಳಿಲ್ಲದ ರಾಜ ಏನನ್ನು ಆಳಬೇಕು? ನನ್ನ ಕಣ್ಣು ಹೆಂಡತಿಯ ಅಳತೆಯ ಪುಸ್ತಕಗಳ ಮೇಲೆ ಬಿತ್ತು. ಅವಳು ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಾಳೆ. ಹನ್ನೊಂದು ವರ್ಷದ ಗಿರಾಕಿಗಳ ಭುಜ, ತೋಳು, ಎದೆ, ಸೊಂಟ ಎಲ್ಲವೂ ಆ ಪುಸ್ತಕಗಳಲ್ಲಿದ್ದವು. ಹದಿನೈದು ದಿನ ಕೂತು ಅಷ್ಟನ್ನೂ ಕಂಪ್ಯೂಟರಿಗೆ ಏರಿಸಿದೆ. ಪುಸ್ತಕಗಳನ್ನು ರದ್ದಿಗೆ ಹಾಕಿದೆ.

"ಅದು ಕೆಟ್ಟುಹೋದ್ರೆ?" ಎಂದಳು.

"ಅದಕ್ಕೇ ಬ್ಯಾಕಪ್ ಕಣೇ! ದಿನಾ ಬೆಳಿಗ್ಗೆ ಆರಕ್ಕೆ ಎಲ್ಲದರ ನಕಲು ತಾನಾಗೇ ಇನ್ನೊಂದು ಡಿಸ್ಕಿಗೆ ಹೋಗುತ್ತೆ. ಇನ್ಮೇಲೆ ನೀನು ಕಾಗದ ಮುಟ್ಟಬೇಡ. ನಿನ್ನ ಅಳತೆಗಳಿಗೆ ಸಾವೇ ಇಲ್ಲ!"

ಬ್ಯಾಕಪ್ ಹೊಂದಿಸಿದ ದಿನ ಸಂಜೆ ಮುಂದಿನ ಅಧ್ಯಾಯ ಓದಿದೆ. ಕಡತಗಳನ್ನು ಅಚ್ಚುಕಟ್ಟಾಗಿ ಜೋಡಿಸುವುದು ಹೇಗೆಂಬ ಪಾಠ. ಓದಿದ್ದನ್ನು ಕೂಡಲೇ ಪ್ರಯೋಗಿಸದಿದ್ದರೆ ವಿದ್ಯೆ ಹತ್ತುವುದು ಹೇಗೆ? ಹೆಂಡತಿಯ ಅಳತೆಗಳನ್ನೆಲ್ಲ ಹಳೆಯ ಫೋಲ್ಡರಿನಿಂದ ತೆಗೆದು ಭವ್ಯವಾದ ಹೊಸ ಫೋಲ್ಡರಿಗೆ ಸಾಗಿಸಿದೆ.

ಮರುದಿನ ಬೆಳಿಗ್ಗೆ ಪರದೆಯ ಮೇಲೆ ಸಂದೇಶ ಬಂತು: "ಬ್ಯಾಕಪ್ ಯಶಸ್ವಿ." ಅಂದಿನಿಂದ ದಿನವೂ ತಿಂಡಿಗೆ ಮೊದಲು ನಾನು ಅದನ್ನು ಮನೆಗೆಲ್ಲ ಕೇಳುವಂತೆ ಘೋಷಿಸತೊಡಗಿದೆ.

"ಯಶಸ್ವಿ ಅಂದ್ರೆ ತೆಗೆದು ನೋಡಿದ್ರಾ?" ಎಂದು ಅವಳೊಮ್ಮೆ ಕೇಳಿದಳು.

"ಬೀಗ ಹಾಕಿದ್ಮೇಲೆ ಬಾಗಿಲು ಒಡೆದು ನೋಡ್ತಾರೇನೇ ಯಾರಾದ್ರೂ?"

ತೊಂಬತ್ತೊಂಬತ್ತನೆಯ ದಿನ, ಭಾನುವಾರ, ಪುಸ್ತಕದ ಕಡೆಯ ಅಧ್ಯಾಯ ಬಂತು: ಸರ್ವನಾಶದ ನಂತರ ಪುನರುಜ್ಜೀವನ. ಇಂಥದ್ದನ್ನು ಪ್ರೇಕ್ಷಕರಿಲ್ಲದೆ ಮಾಡುವುದೆ? ಎಲೆಕ್ಟ್ರಿಶಿಯನ್ ಆದ ಭಾವಮೈದನನ್ನು ಕರೆಸಿದೆ. ಆಗ ಹೆಂಡತಿಯ ಕೈಯಲ್ಲಿ ದೊಡ್ಡ ಕೆಲಸವಿತ್ತು. ಊರಿನ ಗಾಯನ ತಂಡದ ಇಪ್ಪತ್ತಾರು ಜನಕ್ಕೆ ನೀಲಿ ಕೋಟು, ಶನಿವಾರ ಸಂಜೆಯ ಕಾರ್ಯಕ್ರಮಕ್ಕೆ. ಅವಳ ಪಾಲಿಗೆ ಅದುವರೆಗಿನ ಅತಿ ದೊಡ್ಡ ಆರ್ಡರ್. ಅಳತೆಗಳೆಲ್ಲ ಕಂಪ್ಯೂಟರಿನಲ್ಲಿ, ಕತ್ತರಿಸಿ ಆದದ್ದು ಒಂಬತ್ತು ಮಾತ್ರ.

"ಈಗಲೇ ಮಾಡ್ಬೇಕಾ ರೀ? ಕೋಟು ಮುಗೀಲಿ."

"ಅರ್ಧ ದಿನದ ಕೆಲಸ! ಎಲ್ಲ ಅಳಿಸೋದು, ಬ್ಯಾಕಪ್ಪಿನಿಂದ ಮತ್ತೆ ತರೋದು!"

"ಭಾವ, ಅಕ್ಕ ಹೇಳ್ತಿದಾಳಲ್ಲ, ಮುಂದಿನ ವಾರ ಮಾಡೋಣ," ಎಂದ ಭಾವಮೈದ.

ನಾನು ರೂಟ್. ರೂಟ್ ಸಲಹೆ ಕೇಳುವುದಿಲ್ಲ. ಸುಮ್ಮನೆ ಅಳಿಸಿದರೆ ಯಾರಾದರೂ ಕೆದಕಿ ತೆಗೆದಾರು ಎಂದು ಪುಸ್ತಕ ಎಚ್ಚರಿಸಿತ್ತು, ಹಾಗಾಗಿ ಬ್ಯಾಕಪ್ಪಿನ ಡಿಸ್ಕನ್ನು ಬದಿಗಿಟ್ಟು, ಕಂಪ್ಯೂಟರಿನ ಇಡೀ ಡಿಸ್ಕಿನ ಉದ್ದಗಲಕ್ಕೂ ಸೊನ್ನೆಗಳನ್ನು ಬರೆಸಿದೆ. ಲಿನಕ್ಸನ್ನು ಹೊಸದಾಗಿ ಹಾಕಿದೆ. ಮಂತ್ರವಾದಿಯ ಹಾಗೆ ತೋಳು ಮಡಚಿ ಬ್ಯಾಕಪ್ ತೆರೆದೆ.

ಎಂಬತ್ತನಾಲ್ಕು ದಿನದ ಎಂಬತ್ತನಾಲ್ಕು ಬ್ಯಾಕಪ್ಪುಗಳು ಸಾಲಾಗಿ ನಿಂತಿದ್ದವು. ಕಡೆಯದನ್ನು ತೆರೆದೆ. ಖಾಲಿ. ಅದರ ಹಿಂದಿನದು? ಖಾಲಿ. ಮೊದಲನೆಯದು? ಅದೂ ಖಾಲಿ! ಅಳತೆಗಳನ್ನು ನಾನು ಹೊಸ ಮನೆಗೆ ಸಾಗಿಸಿದ್ದೆ, ಆದರೆ ಆ ವಿಷಯ ಬ್ಯಾಕಪ್ಪಿಗೆ ಹೇಳಿರಲಿಲ್ಲ. ಪಾಪ, ಅದು ದಿನವೂ ಆರು ಗಂಟೆಗೆ ಹಳೆಯ ಫೋಲ್ಡರಿಗೇ ಹೋಗಿ, ಖಾಲಿ ಗೋಣಿಚೀಲದ ಬಾಯಿ ಹೊಲಿದು ತಂದು ಗೋದಾಮಿನಲ್ಲಿ ಜೋಡಿಸಿಟ್ಟು, ಯಶಸ್ವಿ ಎಂದು ವರದಿ ಒಪ್ಪಿಸುತ್ತಿತ್ತು.

ಭಾವಮೈದ ನಿಧಾನವಾಗಿ ಚಪ್ಪಲಿ ಹುಡುಕತೊಡಗಿದ. "ನಂಗೊಂದು ಫ್ಯಾನ್ ರಿಪೇರಿ ಇದೆ ಭಾವ."

ಹೆಂಡತಿಗೆ ಹೇಳಿದೆ. ಅವಳು ಕೂಗಾಡಲಿಲ್ಲ. ಹೊಲಿಗೆ ಯಂತ್ರದಿಂದ ಕಾಲು ತೆಗೆದು, ಕತ್ತರಿಸದೆ ಉಳಿದ ನೀಲಿ ಬಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು ಕೂತಳು. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವಳ ಹನ್ನೊಂದು ವರ್ಷ ನನ್ನ ಒಂದು ಕುರ್ಚಿಯ ಆಸೆಗೆ ಹೋಗಿತ್ತು. ನನಗೆ ನಾಚಿಕೆಯಾಯಿತು, ನಿಜವಾಗಿ ನಾಚಿಕೆಯಾಯಿತು.

"ತಂಡದವರೆಲ್ಲ ಅಭ್ಯಾಸಕ್ಕೆ ಒಟ್ಟಿಗೆ ಸೇರ್ತಾರಲ್ಲ, ಅಲ್ಲೇ ಮತ್ತೆ ಅಳತೆ ತಗೊಳ್ಳೋಣವಾ?" ಎಂದೆ, ಬಹಳ ಸಣ್ಣ ದನಿಯಲ್ಲಿ.

"ಅಭ್ಯಾಸ ಇರೋದು ಗುರುವಾರ. ಆಮೇಲೆ ಹೊಲಿಯೋದು ಯಾವಾಗ?" ಎದ್ದು ಟೇಪನ್ನು ಕೊರಳಿಗೆ ಹಾಕಿಕೊಂಡಳು. "ಒಂದು ನೋಟ್‌ಬುಕ್ ತಗೊಳ್ಳಿ. ಕಾಗದದ್ದು. ಹದಿನೇಳು ಮನೆ. ನಡೀರಿ."

ಸೋಮವಾರ, ಮಂಗಳವಾರ ರಜೆ ಹಾಕಿ ಅವಳ ಹಿಂದೆ ಬೀದಿ ಬೀದಿ ಅಲೆದೆ. ಅವಳು ಅಳೆಯುವುದು, ನಾನು ಬರೆಯುವುದು. ಪ್ರತಿ ಅಂಕಿಯಾದ ಮೇಲೂ ಅವಳದು ಒಂದೇ ಮಾತು: "ಓದಿ."

"ಈಗಷ್ಟೇ ಬರೆದೆನಲ್ಲೇ!"

"ಬರೆದ್ರಿ. ಏನು ಬರೆದ್ರಿ ಅಂತ ಓದಿದ್ರೆ ತಾನೆ ಗೊತ್ತಾಗೋದು?"

ಓದಿದೆ. ತೋಳು ಇಪ್ಪತ್ಮೂರು ಎಂದಿದ್ದಳು, ನಾನು ಮೂವತ್ತೆರಡು ಬರೆದಿದ್ದೆ. ಆ ಕೋಟನ್ನು ಹಾಗೇ ಹೊಲಿದಿದ್ದರೆ ಗಾಯಕಿಯ ಕೈ ಕಾಣಿಸಲು ದುರ್ಬೀನು ಬೇಕಾಗುತ್ತಿತ್ತು.

ಅವಳಿಗೆ ಇನ್ನೊಂದು ಪದ್ಧತಿಯಿತ್ತು. ಭುಜ, ತೋಳುಗಳನ್ನು ಗಟ್ಟಿಯಾಗಿ ಹೇಳುವಳು. ಸೊಂಟವನ್ನು ಮಾತ್ರ ಹೇಳದೆ, ಟೇಪಿನ ಅಂಕಿಯನ್ನು ಹೆಬ್ಬೆರಳಿನಿಂದ ನನಗೆ ತೋರಿಸುವಳು. ಔಷಧಿ ಅಂಗಡಿಯವರ ಮನೆಯಲ್ಲಿ ನಾನು ಅತ್ಯುತ್ಸಾಹದಿಂದ, ಅವಳು ಓದಿ ಎನ್ನದಿದ್ದರೂ, ಓದಿಬಿಟ್ಟೆ:

"ಸೊಂಟ ನಲವತ್ನಾಲ್ಕು!"

ಅಡುಗೆಮನೆಯಿಂದ ಅವರ ಹೆಂಡತಿ ಸೌಟಿನ ಸಮೇತ ಹೊರಬಂದರು. "ಎಷ್ಟಂದ್ರಿ? ನನ್ನ ಹತ್ರ ಮೂವತ್ತೆಂಟು ಅಂತ ಹೇಳ್ಕೊಂಡು ಓಡಾಡ್ತಿದಾರಲ್ಲ!"

ಔಷಧಿ ಅಂಗಡಿಯವರು ನನ್ನನ್ನು ನೋಡಿದ ನೋಟ ಯಾವ ಮಾತ್ರೆಗೂ ಇಳಿಯುವಂಥದ್ದಲ್ಲ. ಬೀದಿಗೆ ಬಂದ ಮೇಲೆ ನನ್ನ ಹೆಂಡತಿ ಕಾಂಪೌಂಡು ಗೋಡೆ ಹಿಡಿದುಕೊಂಡು ನಕ್ಕಳು. ಭಾನುವಾರದಿಂದೀಚೆಗೆ ಅದೇ ಮೊದಲ ನಗು, ನನಗೆ ಅಳುವೇ ಬಂದಂತಾಯಿತು.

ನರ್ಸ್ ಒಬ್ಬರ ಮನೆಯಲ್ಲಿ ಅವಳು ಎಡತೋಳನ್ನು ಎತ್ತಿಸದೆ, ತಾನೇ ಬಗ್ಗಿ ಅಳೆದಳು. ಆಪರೇಷನ್ ಆದಂದಿನಿಂದ ಅವರಿಗೆ ಆ ಕೈ ಮೇಲೇಳುವುದಿಲ್ಲ ಎಂದು ಆಮೇಲೆ ಹೇಳಿದಳು.

"ನಿಂಗೆ ಹೇಗೆ ಗೊತ್ತು?" ಎಂದೆ, ಹೊರಗೆ ಬಂದ ಮೇಲೆ.

"ಪುಸ್ತಕದಲ್ಲಿ ಪಕ್ಕದಲ್ಲಿ ಬರೆದಿಟ್ಟಿದ್ದೆನಲ್ಲ, 'ಕೈ ಎತ್ತಿಸಬಾರದು, ಯಾಕೆ ಅಂತ ಕೇಳಬಾರದು' ಅಂತ. ನೀವೇ ಟೈಪ್ ಮಾಡಿದ್ದು."

ಹೌದು, ನಾನೇ. ಹದಿನೈದು ದಿನ ಕೂತು ಅವಳ ಹನ್ನೊಂದು ವರ್ಷವನ್ನು ಅಕ್ಷರ ಬಿಡದೆ ಟೈಪ್ ಮಾಡಿದ್ದೆ, ಒಂದು ಸಾಲನ್ನೂ ಓದಿರಲಿಲ್ಲ. ನೋಟ್‌ಬುಕ್ ತೆರೆದು ನರ್ಸ್ ಅಳತೆಯ ಪಕ್ಕದಲ್ಲಿ ಆ ಸಾಲನ್ನು ಮತ್ತೆ ಬರೆದುಕೊಂಡೆ.

ಬುಧವಾರದಿಂದ ಅವಳು ಕತ್ತರಿಸಿ ಹೊಲಿದಳು, ನಾನು ಗುಂಡಿ ಹಚ್ಚಿದೆ, ಇಸ್ತ್ರಿ ಮಾಡಿದೆ. ಶನಿವಾರ ಮಧ್ಯಾಹ್ನ ಸಭಾಂಗಣದ ಹಿಂಬದಿಯ ಕೋಣೆಯಲ್ಲಿ ಇಪ್ಪತ್ತಾರು ಜನ ಕೋಟು ತೊಟ್ಟು ನಿಂತರು. ನರ್ಸ್ ತೋಳು ಎತ್ತದೆಯೇ ಕೋಟಿನೊಳಗೆ ಜಾರಿಕೊಂಡರು. ಔಷಧಿ ಅಂಗಡಿಯವರು ಉಸಿರು ಬಿಗಿಹಿಡಿಯದೆಯೇ ಗುಂಡಿ ಹಾಕಿಕೊಂಡರು. ತಂಡವನ್ನು ನಡೆಸುವ ಟೀಚರ್ ಸಾಲಿನುದ್ದಕ್ಕೂ ನೋಡಿಕೊಂಡು ಬಂದು, ನೋಟ್‌ಬುಕ್ ಹಿಡಿದು ಮೂಲೆಯಲ್ಲಿ ನಿಂತಿದ್ದ ನನ್ನತ್ತ ತಿರುಗಿದರು.

"ಯಾರಮ್ಮ ಇವರು? ಹೊಸದಾಗಿ ಸೇರಿದ ಅಸಿಸ್ಟೆಂಟಾ?"

ನಾನು ಬೆನ್ನು ನೇರ ಮಾಡಿಕೊಂಡೆ.

"ನಮ್ಮನೆಯವರು ಟೀಚರ್, ಬ್ಯಾಕಪ್ಪಿಗೆ ಅಂತ ಇಟ್ಕೊಂಡಿದೀನಿ," ಎಂದಳು ನನ್ನ ಹೆಂಡತಿ. "ಆದ್ರೆ ಆಗಾಗ ತೆಗೆದು ನೋಡ್ತಿರಬೇಕು. ಒಳಗೆ ಖಾಲಿಯಿದ್ರೂ ದಿನಾ ಬೆಳಿಗ್ಗೆ ಎದ್ದು ಯಶಸ್ವಿ ಅಂತಾನೇ ಹೇಳ್ತಾರೆ!"