ಮಾವನವರ ಚಾಕು ಬರೊಬ್ಬರಿ ಮಾಡಿದ್ದು

ಸಡಿಲವಾದದ್ದನ್ನು ಕಂಡರೆ ಕೆಲವರ ಕೈ ಸುಮ್ಮನಿರುವುದಿಲ್ಲ. ನನ್ನದು ಅಂಥ ಕೈ. ಕೆಲಸ ಬರುತ್ತದೆಯೇ ಎಂದು ಮಾತ್ರ ಕೇಳಬೇಡಿ, ಉಮೇದಿ ಇದೆ. ಬೆಟಗೇರಿಯ ನಮ್ಮ ಮನೆಯಲ್ಲಿ ಬಚ್ಚಲಿನ ಚಿಲಕ ಸಡಿಲಾಗಿತ್ತು, ಬಿಗಿ ಮಾಡಿದೆ. ಅಂದೇ ಹುಲಕೋಟಿಯಿಂದ ಬಂದ ಬೀಗರು ಸ್ನಾನಕ್ಕೆ ಹೋದವರು ಹೊರಬರಲಾಗದೆ, ಊರಿನ ಕ್ಷೇಮಸಮಾಚಾರವನ್ನೆಲ್ಲ ಒಳಗಿನಿಂದಲೇ ಹೇಳಬೇಕಾಯಿತು. ಕೊನೆಗೆ ಬಡಿಗನನ್ನು ಕರೆಸಿ ಬಾಗಿಲನ್ನೇ ಕಳಚಿದ್ದಾಯಿತು. ಆ ಬೀಗರು ಈಗ ನಮ್ಮಲ್ಲಿಗೆ ಸ್ನಾನ ಮುಗಿಸಿಕೊಂಡೇ ಬರುತ್ತಾರೆ. ಇಷ್ಟಾದರೂ ನನ್ನ ಹೆಂಡತಿ ಗಿರಿಜಾ ತನ್ನಪ್ಪನ ಚಾಕುವನ್ನು ನನ್ನ ಕೈಗೇ ರಿಪೇರಿಗೆ ಒಪ್ಪಿಸಿದಳೆಂದರೆ ಅವಳ ನಂಬಿಕೆಗೆ ಏನನ್ನಬೇಕು!

ಅದು ಕಿಸೆಯಲ್ಲಿಟ್ಟುಕೊಳ್ಳುವ ಮಡಚುವ ಚಾಕು. ಮಾವನವರು ಡಂಬಳದಲ್ಲಿ ಮಾಸ್ತರರಾಗಿದ್ದವರು. ಕೋಟಿನ ಒಂದು ಕಿಸೆಯಲ್ಲಿ ಸೀಮೆಸುಣ್ಣ, ಇನ್ನೊಂದರಲ್ಲಿ ಈ ಚಾಕು. ಸಂಜೆ ಕಟ್ಟೆಯ ಮೇಲೆ ಕೂತು ಎಳೆ ಸವತಿಕಾಯಿ ಹೆಚ್ಚಿ, ಉಪ್ಪು ಸವರಿ, ಮೊದಲ ಹೋಳು ಮಗಳಿಗೆ ಕೊಡುತ್ತಿದ್ದರು. ಮದುವೆಯಾದ ಮೇಲೂ ಅಷ್ಟೇ, ಅಳಿಯನೆಂಬ ಮುಲಾಜಿಗಾದರೂ ಮೊದಲನೆಯದು ನನಗೆ ಸಿಗಲಿಲ್ಲ. ಹೋದ ವರ್ಷ ಅವರು ತೀರಿಕೊಂಡಾಗ ಗಿರಿಜಾ ತವರಿನಿಂದ ತಂದದ್ದು ಈ ಚಾಕು ಒಂದೇ. ಹಿಡಿಕೆಯ ಎರಡೂ ಕಡೆಯ ಕಟ್ಟಿಗೆ ಪಟ್ಟಿಗಳು ಸಡಿಲಾಗಿ, ಹೆಚ್ಚುವಾಗ ಲಟಲಟ ಎನ್ನುತ್ತಿದ್ದವು.

ಚಾಕುವನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆಂದು ನಮ್ಮ ಕಡೆ ಯಾರೂ ಹಾಗೆ ಕೊಡುವುದಿಲ್ಲ. ಗಿರಿಜಾ ಅದನ್ನು ನನ್ನ ಮುಂದೆ ನೆಲದ ಮೇಲಿಟ್ಟು, “ಹಿಡಕಿ ಭಾಳ ಅಳ್ಳಾಡಾಕತ್ತೈತಿ. ಒಂಚೂರು ಬರೊಬ್ಬರಿ ಮಾಡಿಕೊಡ್ರಿ” ಎಂದಳು.

ಕೆಟ್ಟದ್ದೆಲ್ಲ ಈ ಮಾತಿನಿಂದ. ನಮ್ಮ ಗದಗ ಸೀಮೆಯಲ್ಲಿ ಬರೊಬ್ಬರಿ ಎಂದರೆ ಸರಿ ಎಂದೂ ಆಯಿತು, ಸಮಸಮ ಎಂದೂ ಆಯಿತು. ಅವಳು ಹೇಳಿದ್ದು ಮೊದಲನೆಯದು. ನಾನೂ ಮೊದಲು ಅದನ್ನೇ ಮಾಡಿದೆ. ಹಳೆಯ ಮೊಳೆ ಕಿತ್ತು, ಪಟ್ಟಿಗಳಿಗೆ ಅಂಟು ಹಚ್ಚಿ, ತೂತಿನಲ್ಲಿ ಹಿತ್ತಾಳೆ ತಂತಿ ತೂರಿಸಿ, ಎರಡೂ ತುದಿ ಮೆಲ್ಲಗೆ ಬಡಿದೆ. ಹಿಡಿಕೆ ಕಲ್ಲಿನಂತೆ ಗಟ್ಟಿಯಾಯಿತು. ಅಲ್ಲಿಗೇ ಎದ್ದಿದ್ದರೆ ಮನೆಯಲ್ಲಿ ಒಮ್ಮೆಯಾದರೂ ಶಾಣ್ಯಾ ಎನ್ನಿಸಿಕೊಳ್ಳುತ್ತಿದ್ದೆ. ಆದರೆ ನೋಡುತ್ತೇನೆ, ಒಂದು ಪಟ್ಟಿ ತುಂಬಿಕೊಂಡಿದೆ, ಇನ್ನೊಂದರ ನಡುವೆ ತಗ್ಗು. ಅಯ್ಯೋ, ಎರಡೂ ಬರೊಬ್ಬರಿ ಇಲ್ಲವಲ್ಲ! ಪಾಲಿಶ್ ಪೇಪರ್ ತಂದು ತಗ್ಗು ಹೋಗುವ ತನಕ ತಿಕ್ಕಿದೆ. ಎಣ್ಣೆ ಸವರಿದೆ. ಥೇಟ್ ಅಂಗಡಿಯಿಂದ ತಂದ ಹೊಸ ಚಾಕು.

ಖುಷಿಯಲ್ಲಿ ಪದ್ಧತಿ ಮರೆತು ಅವಳ ಕೈಗೇ ಕೊಟ್ಟೆ. “ನೋಡ್ ಈಗ, ಎರಡೂ ಕಡೆ ಬರೊಬ್ಬರಿ ಆತು!”

ಅವಳ ಹೆಬ್ಬೆರಳು ಹಿಡಿಕೆಯ ಮೇಲೆ ಏನನ್ನೋ ಹುಡುಕಿತು. ಚಾಕುವನ್ನು ತಿರುವಿ ಇನ್ನೊಂದು ಕಡೆಯೂ ಹುಡುಕಿತು.

“ಇಲ್ಲೊಂದು ತೆಗ್ಗ ಇತ್ತಲ್ರಿ?”

“ಇತ್ತು. ತಗದ್ನಿ.”

“ಅದು ಅಪ್ಪನ ಹೆಬ್ಬಟ್ಟು ಕುಂದರೋ ಜಾಗಾ ಆಗಿತ್ರಿ. ನಾ ದಿನಾ ಅಲ್ಲೇ ಬಟ್ಟಿಟ್ಟು ಹೆಚ್ಚತಿದ್ದೆ.”

ಕೈಯಿಂದ ಕೈಗೆ ಕೊಟ್ಟಿದ್ದೆನಲ್ಲ, ಜಗಳವಾದರೂ ಆಗಬಾರದಿತ್ತೇ! ಅವಳು ಬೈಯಲಿಲ್ಲ. “ಇರಲಿ ಬಿಡ್ರಿ, ಗಟ್ಟಿ ಆಗೇತಿ” ಎಂದು ಒಳಗೆ ಹೋದಳು. ಒಬ್ಬ ಮನುಷ್ಯ ಆಯುಷ್ಯವಿಡೀ ಹಿಡಿದು ಸವೆಸಿದ್ದನ್ನು ನಾನು ಚಹಾ ಕುದಿಯುವಷ್ಟರಲ್ಲಿ ಅಳಿಸಿಬಿಟ್ಟಿದ್ದೆ. ಬಹಳ ಕೆಟ್ಟದೆನಿಸಿತು. ಈಗಲೂ ಅನಿಸುತ್ತದೆ.

ಅಂದಿನಿಂದ ಮನೆಯಲ್ಲಿ ಸವತಿಕಾಯಿ ಹೆಚ್ಚುವವನು ನಾನೇ. ಕಾಯಿ ಇಲ್ಲದಾಗಲೂ ಚಾಕು ಹಿಡಿದು ಕೂತು, ಆ ಜಾಗದಲ್ಲಿ ಹೆಬ್ಬೆರಳು ಒತ್ತಿ ತಿಕ್ಕುತ್ತೇನೆ. ಕಟ್ಟಿಗೆ ಒಂದಿಷ್ಟೂ ಸವೆದಿಲ್ಲ. ಬೆರಳು ಮಾತ್ರ ಎಷ್ಟು ಸವೆದಿದೆಯೆಂದರೆ, ಆಫೀಸಿನಲ್ಲಿ ಹಾಜರಿ ಹಾಕಿಕೊಳ್ಳುವ ಯಂತ್ರ ನನ್ನ ಗುರುತು ಹಿಡಿಯಲೊಲ್ಲದು.

ನಿನ್ನೆ ಗಿರಿಜಾ ನೋಡಿಬಿಟ್ಟಳು. “ಏನ್ರಿ ಅದು, ಹಂಗ್ಯಾಕ ತಿಕ್ಕಾಕತ್ತೀರಿ?”

“ತೆಗ್ಗ ಬೀಳಲಿ ಅಂತ” ಎಂದೆ.

ಅವಳು ನಕ್ಕಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಪಕ್ಕದಲ್ಲೇ ಕೂತಳು. “ನಿಮ್ಮ ಬಟ್ಟಿನ ತೆಗ್ಗ ತಗೊಂಡು ನಾ ಏನ್ ಮಾಡ್ಲಿ? ನೀವಂತೂ ಇಲ್ಲೇ ಕುಂತೀರಲ್ಲ.”

ಸಮಾಧಾನ ಹೇಳಿದಳೋ, ತಕರಾರು ತೆಗೆದಳೋ ತಿಳಿಯಲಿಲ್ಲ. ಬಿಚ್ಚಿ ಕೇಳುವ ಧೈರ್ಯವಾಗಲಿಲ್ಲ. ನಾನು ಬಿಚ್ಚಿದ ಯಾವುದೂ ಮೊದಲಿನ ಹಾಗೆ ಕೂಡಿಕೊಂಡದ್ದಿಲ್ಲ.