ಜೋರಾತ್ ಓಢ!

ಅಂಬಾರಾಯನಿಗೆ ಆ ದಿನ ಬಂದ ಆಪತ್ತಿಗೆಲ್ಲ ಮೂಲ, ಬೆಳಗ್ಗೆ ಅವ್ವಣ್ಣ ಕಾಕಾ ಪುಕ್ಕಟೆಯಾಗಿ ಕೊಟ್ಟ ಒಂದು ಬುದ್ಧಿಮಾತು.

"ಫ್ಯಾಕ್ಟರ್ಯಾಗ ಮರಾಠಿ ಸಾಹೇಬ ಏನಂತಾನ, ತಿರುಗಿ ಕೇಳಬ್ಯಾಡ. ಅಂದ ಕೂಡ್ಲೆ ಮಾಡಿಬಿಡು. ಏನ್ರಿ, ಯಾಕ್ರಿ ಅಂದವ್ರೆಲ್ಲ ಸಂಜಿಗಿ ಮನಿಗಿ ಬಂದು ಕುಂತಾರ ನೋಡು," ಎಂದು ಅವ್ವಣ್ಣ ಬೀಡಿ ಹಚ್ಚುತ್ತ ಹೇಳಿದ. ಅವನು ಪುಣೆಗೆ ಬಂದು ಬಹಳ ವರ್ಷವಾಗಿತ್ತು, ಕೂಲಿಯವರ ಗುಡಿಸಲುಗಳ ಆ ವಸ್ತಿಗೆಲ್ಲ ಕಾಕಾ. ತಾನು ಮಾತ್ರ ಯಾವ ಫ್ಯಾಕ್ಟರಿಯ ಹೊಸ್ತಿಲನ್ನೂ ದಾಟಿದವನಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಪುಣೆಯ ಅಂಚಿನ ಕೊಂಢವಾದಲ್ಲಿ ಜೋಳದ ಹೊಲಗಳ ನಡುವೆ ತಗಡಿನ ಶೆಡ್ಡುಗಳು ಅಣಬೆಯಂತೆ ಏಳುತ್ತಿದ್ದವು. ದಸರೆ ಮುಗಿಸಿ ಆಳಂದದ ಕಡೆಯಿಂದ ಬಂದ ಅಂಬಾರಾಯನೂ ಅವನ ಹೆಂಡತಿ ಮಾನಮ್ಮನೂ ಅಲ್ಲಿ ಕಟ್ಟುವ ಮನೆಗಳಿಗೆ ಇಟ್ಟಿಗೆ ಹೊರುತ್ತಿದ್ದರು. ಅಂಥದ್ದರಲ್ಲಿ ಪ್ಲಾಸ್ಟಿಕ್ ಪೈಪಿನ ಫ್ಯಾಕ್ಟರಿಯಲ್ಲಿ ಒಂದು ಜಾಗ ಖಾಲಿಯಾಗಿ, ಒಂದು ದಿನ ಮಾಡಿ ತೋರಿಸು, ಸರಿಬಂದರೆ ಪರ್ಮನೆಂಟು ಎಂದಿದ್ದರು. ನೆರಳಿನ ಕೆಲಸ, ತಲೆಯ ಮೇಲೆ ಭಾರವಿಲ್ಲ.

"ನಮ್ಮ ಮನಿಯವ್ರು ಇವತ್ತಿಂದ ಮಶೀನ್ ಮ್ಯಾಲ. ಭಾರ ಹೊರೂದು ಎಳಿಯೂದು ಮುಗೀತ್ ಅವರ್ದು," ಎಂದು ಮಾನಮ್ಮ ನಳದ ಸರದಿಯಲ್ಲಿ ಸಾರಿಬಿಟ್ಟಿದ್ದಳು. ನಳದ ಮುಂದೆ ಆಡಿದ ಮಾತನ್ನು ವಾಪಸು ತೆಗೆದುಕೊಳ್ಳುವುದು ಚೆಲ್ಲಿದ ನೀರನ್ನು ಕೊಡಕ್ಕೆ ತುಂಬಿದಷ್ಟೇ ಸುಲಭ. ಹಾಗಾಗಿ ಕೆಲಸ ಸಿಗಲೇಬೇಕಿತ್ತು.

ಫ್ಯಾಕ್ಟರಿಯಲ್ಲಿ ಬಿಳಿಯ ಪುಡಿ ಮಶೀನಿನೊಳಗೆ ಬಿದ್ದು, ಕಾದು ಕಣಕದ ಹಾಗಾಗಿ, ಬಾಯಿಯಿಂದ ಪೈಪಾಗಿ ಹೊರಬರುತ್ತಿತ್ತು. ನೀರಿನ ತೊಟ್ಟಿಯಲ್ಲಿ ಈಜಿ ತಣ್ಣಗಾಗಿ, ಎಳೆಯುವ ಮಶೀನಿನ ರಬ್ಬರ್ ಪಟ್ಟಿಗಳ ನಡುವೆ ಸಿಕ್ಕು ಮುಂದೆ ಸರಿಯುತ್ತಿತ್ತು. ಕೊನೆಯಲ್ಲಿ ಸುಬ್ಬಯ್ಯ ಗರಗಸ ಹಿಡಿದು ನಿಂತಿದ್ದ. ಅವನೂ ಕನ್ನಡದವನೇ.

"ನೋಡು ತಮ್ಮಾ, ಈ ಚಕ್ರ ನಿಂದು," ಎಂದು ಸುಬ್ಬಯ್ಯ ಕಲಿಸಿಕೊಟ್ಟ. "ಬಲಕ್ಕ ತಿರುವಿದ್ರ ಮಶೀನ್ ಲಗೂನ ಎಳೀತದ, ಪೈಪಿನ ಗೋಡಿ ತೆಳು ಆಗ್ತದ. ಎಡಕ್ಕ ತಿರುವಿದ್ರ ಸಾವಕಾಶ ಎಳೀತದ, ದಪ್ಪ ಆಗ್ತದ. ತೆಳು ಆದ್ರ ಪೈಪು ಒಡೀತದ. ದಪ್ಪ ಆದ್ರ ಪುಡಿ ದಂಡ, ಮಾಲಕ ಸೇಟ್ ಒಡೀತಾನ."

ಇದು ಅಂಬಾರಾಯನಿಗೆ ತಕ್ಷಣ ತಿಳಿಯಿತು. ಮಾನಮ್ಮ ಶ್ಯಾವಿಗೆ ಎಳೆಯುವಾಗ ನೋಡಿದ್ದನಲ್ಲ. ಕೈ ಬಿರುಸಾದರೆ ಎಳೆ ಸಣ್ಣ, ನಿಧಾನವಾದರೆ ದಪ್ಪ. ಆದರೆ ಶ್ಯಾವಿಗೆ ಎಳೆಯುವ ಮಾನಮ್ಮನಿಗೆ ಯಾರೂ ಬುದ್ಧಿ ಹೇಳಲು ಹೋಗುತ್ತಿರಲಿಲ್ಲ. ಇಲ್ಲಿ ಹಾಗಲ್ಲ.

"ದಪ್ಪ ಬರ್ಲತ್ತದ, ಬಲಕ್ಕ ತಿರುವು!" ಎಂದು ಸುಬ್ಬಯ್ಯ ಕೂಗಿದ. ಅಂಬಾರಾಯ ತಿರುವಿದ. ಮಶೀನಿನ ಬಾಯಲ್ಲಿ ತಿದ್ದಿದ್ದು ತೊಟ್ಟಿ ದಾಟಿ ಸುಬ್ಬಯ್ಯನ ಕೈಗೆ ಬರಲು ಹೊತ್ತು ಹಿಡಿಯುತ್ತಿತ್ತು. ಅಷ್ಟರೊಳಗೆ ಸುಬ್ಬಯ್ಯ, "ಇನ್ನೂ ದಪ್ಪೇ ಅದ, ಮತ್ತ ತಿರುವು!" ಎಂದ. ಮತ್ತೆ ತಿರುವಿದ. ಆಗ ಚಹಾ ಲೋಟ ಹಿಡಿದು ಬಂದ ಸ್ಟೋರಿನ ರಾಮಲಿಂಗಪ್ಪ ತುದಿಯನ್ನು ಬೆರಳಿನಿಂದ ಒತ್ತಿ, "ಏನ್ರಿ ಇದು, ಹಪ್ಪಳ ಆಗೇದ! ಸರೀರಿ ಆ ಕಡೆ," ಎಂದು ತಾನೇ ಚಕ್ರವನ್ನು ಎಡಕ್ಕೆ ಜಗ್ಗಿದ. ಚಹಾ ಮುಗಿಯುವಷ್ಟರಲ್ಲಿ ಅವನು ಎರಡು ಸಲ, ಸುಬ್ಬಯ್ಯ ಮೂರು ಸಲ ಬಂದು ಚಕ್ರ ತಿರುಗಿಸಿ ಹೋದರು. ಪೈಪು ಒಂದು ಗೇಣು ದಪ್ಪ, ಒಂದು ಗೇಣು ತೆಳುವಾಗಿ, ಸಾಲಾಗಿ ಕಪ್ಪೆಗಳನ್ನು ನುಂಗಿದ ಹಾವಿನಂತೆ ಹೊರಬಂತು.

ಆಗ ಬಂದ ಮರಾಠಿ ಸಾಹೇಬ, ಸುಪರ್‌ವೈಜರ್ ಬಾಳು. ಕಬ್ಬಿನ ಹೊಲಕ್ಕೆ ಪೈಪು ಬೇಕಾಗಿದ್ದ ಇಂದಾಪುರದ ದೊಡ್ಡ ಗಿರಾಕಿಯನ್ನು ಸೇಟ್ ಅವತ್ತೇ ಕರೆತರುವವನಿದ್ದ. ಬಾಳು ತುದಿಯ ಕಪ್ಪೆಯೊಂದನ್ನು ಸವರಿ ನೋಡಿ, ಹೌಹಾರಿ, ಅಂಬಾರಾಯನತ್ತ ಕೈ ಬೀಸಿ ಅಬ್ಬರಿಸಿದ:

"ಓಢ! ಅರೇ, ಜೋರಾತ್ ಓಢ!"

ಅಂಬಾರಾಯ ಅವನ ಮುಖ ನೋಡಿದ. ಕಣ್ಣು ಕೆಂಪಗಿದ್ದವು. ಏನ್ರಿ, ಯಾಕ್ರಿ ಎನ್ನುವಂತಿರಲಿಲ್ಲ. ಪಂಚೆ ಎತ್ತಿ ಕಟ್ಟಿ, ಜೋರಾಗಿ ಓಡಿದ.

ಮರಾಠಿಯಲ್ಲಿ ಓಢ ಎಂದರೆ ಎಳೆ, ಜಗ್ಗು. ಢಕಾರದ ಕೆಳಗೊಂದು ಸಣ್ಣ ಗೀಟು ಇರುತ್ತದೆ. ಆಳಂದದ ಕಡೆ ಆ ಗೀಟನ್ನು ಬರೆಯುವಾಗ ಹಾಕಿದರೆ ಹಾಕಿದರು, ಮಾತಾಡುವಾಗ ಅದರ ಗೊಡವೆಗೆ ಹೋಗುವುದಿಲ್ಲ.

"ಅರೇ ಓಢ ಮ್ಹಣತೋ ನಾ! ಓಢ!" ಎಳೆ ಅಂತಿದ್ದೀನಲ್ಲ ಎಂದು ಕೂಗುತ್ತ ಬಾಳು ಬೆನ್ನಟ್ಟಿದ. ಸಾಹೇಬನಿಗೆ ತನ್ನ ಓಟ ಸಾಲದು ಎಂದುಕೊಂಡ ಅಂಬಾರಾಯ ಇನ್ನಷ್ಟು ಬಿರುಸಾದ. ಇಬ್ಬರೂ ಓಡುವುದನ್ನು ಕಂಡ ಸುಬ್ಬಯ್ಯ, "ಮಶೀನ್ ಸಿಡೀತದ್ರೋ!" ಎಂದು ಗರಗಸ ಒಗೆದು ಹಿಂದೆ ಬಿದ್ದ. ರಾಮಲಿಂಗಪ್ಪ ಓಡಿದ, ಲೋಟದ ಸಮೇತ. ಗೇಟಿನ ಹೊರಗೆ ಬೇವಿನ ಮರದ ಬುಡದಲ್ಲಿ ಎಲ್ಲರೂ ಏದುಸಿರು ಬಿಡುತ್ತ ನಿಂತು, ಸಿಡಿಯುವುದನ್ನೇ ಕಾಯತೊಡಗಿದರು.

ಏನೂ ಸಿಡಿಯಲಿಲ್ಲ. ಶೆಡ್ಡಿನ ಬಾಗಿಲಿನಿಂದ ಪೈಪು ಮೆಲ್ಲಗೆ ಮೂತಿ ಚಾಚಿತು. ಕತ್ತರಿಸುವವರಿಲ್ಲದೆ ಅಂಗಳ ದಾಟಿತು. ಇವರೆಲ್ಲ ಎಲ್ಲಿ ಹೋದರೆಂದು ವಿಚಾರಿಸಲು ಬಂದಂತೆ ಗೇಟಿನ ಹೊರಗೂ ಬಂತು.

"ಕೆಲ್ಸ ಹೋತು ನಂದು," ಎಂದ ಅಂಬಾರಾಯ. "ಈಗ ಯಾವ ಮಾರಿ ತಗೊಂಡು ಮನಿಗಿ ಹೋಗ್ಲಿ?"

"ನಿಂದಷ್ಟೇ ಏನು? ನಮ್ದೆಲ್ಲರ್ದೂ ಹೋತು! ಅಲ್ನೋಡು ಸೇಟ್ ಸ್ಕೂಟರ್!" ಎಂದ ಸುಬ್ಬಯ್ಯ.

ಎಲ್ಲರೂ ಒಳಗೆ ನುಗ್ಗಿ ತಮ್ಮ ತಮ್ಮ ಜಾಗದಲ್ಲಿ ಗೊಂಬೆಗಳಂತೆ ನಿಂತರು. ಗಿರಾಕಿಯನ್ನು ಹಿಂದೆ ಕೂರಿಸಿಕೊಂಡು ಬಂದ ಸೇಟ್ ಅಂಗಳದಲ್ಲಿ ಸ್ಕೂಟರ್ ನಿಲ್ಲಿಸಿ, ಅಡ್ಡ ಮಲಗಿದ ಪೈಪನ್ನು ಕಂಡು ಹುಬ್ಬು ಗಂಟಿಕ್ಕಿದ. ಗಿರಾಕಿಗೆ ತೋರಿಸಲೆಂದೇ ಕತ್ತರಿಸದೆ ಬಿಟ್ಟಿದ್ದೇವೆ ಎಂದು ಬಾಳು ನಾಲಗೆ ತಡವರಿಸುತ್ತ ಹೇಳಿದ. ಇಂದಾಪುರದ ಗಿರಾಕಿ, "ಹಾಗಾದರೆ ಇಲ್ಲಿ ಕೊಯ್ಯಿರಿ," ಎಂದ. ಕೊಯ್ದರು. ಅಲ್ಲಿ ಕೊಯ್ಯಿರಿ ಎಂದ, ಅಲ್ಲೂ ಕೊಯ್ದರು. ಪ್ರತಿ ಸಲವೂ ಅಂಚು ಬಳೆಯ ಹಾಗೆ ಸುತ್ತಲೂ ಒಂದೇ ಸಮ. ಬಾಳು ಕೂಗುವ ಹೊತ್ತಿಗೆ ಚಕ್ರ ಸರಿಯಾದ ಜಾಗದಲ್ಲೇ ಇತ್ತು. ಸರಿಯಾದ ಪೈಪು ಇನ್ನೂ ತೊಟ್ಟಿಯಲ್ಲಿ ಈಜುತ್ತಿತ್ತು, ಅಷ್ಟೇ. ಮುಟ್ಟುವ ಕೈಗಳೆಲ್ಲ ಬೇವಿನ ಮರದಡಿ ಇದ್ದುದರಿಂದ ಅದು ಕೆಡಲಿಲ್ಲ. ಕಪ್ಪೆ ನುಂಗಿದ ಮುಂದಿನ ತುದಿ ಗೇಟಿನಾಚೆ ಹುಲ್ಲಿನಲ್ಲಿ ಮುಖ ಮರೆಸಿಕೊಂಡಿತ್ತು.

ಗಿರಾಕಿ ಅಲ್ಲೇ ಮಾಲು ಗೊತ್ತು ಮಾಡಿದ. ಸೇಟ್ ಹಿಗ್ಗಿ ಹೀರೇಕಾಯಿಯಾಗಿ, ಮಶೀನಿನ ಮೇಲೆ ಯಾರಿದ್ದರೆಂದು ಕೇಳಿದ. ಎಲ್ಲರ ಕಣ್ಣೂ ಅಂಬಾರಾಯನ ಮೇಲೆ.

"ಕಾಯ್ ಕೇಲಂಸ್ ರೇ?" ಏನು ಮಾಡಿದೆಯೋ ಎಂಬ ಪ್ರಶ್ನೆ.

ಅಂಬಾರಾಯನಿಗೆ ಸುಳ್ಳು ಹೊಳೆಯಲಿಲ್ಲ. "ಓಡ್ದೆ ರೀ ಸಾಹೇಬ," ಎಂದ ತಲೆ ತಗ್ಗಿಸಿ.

"ಓಢಲಾ? ಜೋರಾತ್?" ಸೇಟನಿಗೆ ಕೇಳಿಸಿದ್ದು ಎಳೆದೆ ಎಂದು.

"ಭಾಳ ಜೋರಾತ್ ರೀ. ಉಸಿರು ನಿಲ್ಲೂ ತನಕ."

ಸುಬ್ಬಯ್ಯ ಬಾಯಿ ತೆರೆದ. ರಾಮಲಿಂಗಪ್ಪ ಅವನ ಕಾಲು ತುಳಿದ. ಬಾಳು ಮಾಡಿನ ತಗಡು ಎಣಿಸುತ್ತಿದ್ದ. ಬೇವಿನ ಮರದಡಿ ಅವನೂ ಇದ್ದನಲ್ಲ.

"ಶಾಬ್ಬಾಸ್!" ಎಂದು ಸೇಟ್ ಬೆನ್ನು ತಟ್ಟಿ, ಇವತ್ತಿನಿಂದಲೇ ಇವನು ಪರ್ಮನೆಂಟು ಎಂದ. ಅಂಬಾರಾಯನ ಕಣ್ಣು ತುಂಬಿ ಬಂದವು. ಸೇಟನ ಮಾತು ಮುಗಿದಿರಲಿಲ್ಲ. ಉಸಿರು ನಿಲ್ಲುವ ತನಕ ಎಳೆಯುವ ಇಂಥ ಗಟ್ಟಿ ಆಳನ್ನು ಒಂದು ಚಕ್ರದ ಪಕ್ಕ ನಿಲ್ಲಿಸುವುದು ದಂಡ. ಮಾಲು ಸಾಗಿಸುವ ಕೈಗಾಡಿಗೆ ಇಂಥವನೇ ಬೇಕಾಗಿದ್ದ!

ಸಂಜೆ ಇಂದಾಪುರದ ಪೈಪು ಹೇರಿ ಲಾರಿ ಅಡ್ಡೆಗೆ ಹೊರಟ ಕೈಗಾಡಿ ವಸ್ತಿಯ ಮುಂದಿನ ಏರಿನಲ್ಲಿ ಕಿರುಗುಟ್ಟುತ್ತ ನಿಂತುಬಿಟ್ಟಿತು. ನಳದ ಹೆಂಗಸರೆಲ್ಲ ಕೊಡ ಇಳಿಸಿ ನೋಡಿದರು.

"ಏನೋ ಅಂಬಾರಾಯ, ಮಶೀನ್ ಮ್ಯಾಲ ಇರ್ತಿ ಅಂದಿದ್ಳು ಮಾನಮ್ಮ, ಮಶೀನೇ ಆಗಿ ಬಂದೀಯಲ್ಲೋ!" ಎಂದು ಅವ್ವಣ್ಣ ನಕ್ಕ.

ಅಂಬಾರಾಯ ಬೆವರು ಒರೆಸಿಕೊಂಡು ಹೆಂಡತಿಯ ಮುಖ ನೋಡಿದ. "ಪರ್ಮನೆಂಟ್ ಆತು," ಎಂದ ಸಣ್ಣ ದನಿಯಲ್ಲಿ.

ಮಾನಮ್ಮ ಗಾಡಿಯನ್ನು ನೋಡಿದಳು, ಏರನ್ನು ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಗಾಡಿಯ ಹಿಂದೆ ಬಂದು ನಿಂತಳು.

"ಕಾಕಾ, ನಿಮ್ಮ ಬಾಯಿ ಒಂದೀಟು ಮುಚ್ಚಿ ಕೈ ಹಚ್ರಿ ಇಲ್ಲಿ," ಎಂದು ಅವ್ವಣ್ಣನನ್ನೂ ಎಳೆದು ನಿಲ್ಲಿಸಿದಳು. "ಏರು ಒಂದು ದಾಟಿದ್ರ ಮುಂದ ಎಲ್ಲಾ ಸಪಾಟ ಅದ. ಹೂಂ, ನೀವು ಎಳೀರಿ, ನಾವು ದೂಡ್ತೀವಿ."