ನರ ಇಳಿಸುವ ಉಪಾಯ

ಶನಿವಾರ ಸಂಜೆ ಅಂಗಡಿಯ ಶಟರ್ ಎಳೆಯುತ್ತ ರಿಯಾಝ್ ಹೇಳಿದ ಒಂದು ಮಾತಿನಿಂದ ಮನ್ವಿತಾಳ ಭಾನುವಾರ ಪೂರ್ತಿ ಕೆಟ್ಟುಹೋಯಿತು.

"ನಾಳೆ ಮಧ್ಯಾಹ್ನ ಒಮ್ಮೆ ಬಾ ಮನ್ವಿತಾ. ಹೊಸ ಬಳೆಗಳದ್ದು ರೀಲ್ ಮಾಡ್ಲಿಕ್ಕುಂಟು. ನಿನ್ನ ಕೈ ಬೇಕು."

"ನನ್ನ ಕೈಯಾ?"

"ಹೌದು ಮಾರಾಯ್ತಿ, ನಿನ್ನದೇ. ಮುಖ ಬೇಡ. ಮೊಣಕೈಯಿಂದ ಕೆಳಗೆ ಮಾತ್ರ ಸಾಕು."

ಹಂಪನಕಟ್ಟೆಯ ರಿಯಾಝನ ಅಂಗಡಿ 'ನಜ್ಲಾ ಬ್ಯಾಂಗಲ್ಸ್'ನಲ್ಲಿ ಬಂದ ಹೆಂಗಸರಿಗೆ ಬಳೆ ತೊಡಿಸುವುದು ಮನ್ವಿತಾಳ ಕೆಲಸ. ಎಂಥ ಬಿಗಿ ಬಳೆಯಾದರೂ ಅವಳ ಕೈಯಲ್ಲಿ ನೋವಿಲ್ಲದೆ ಜಾರುತ್ತಿತ್ತು. ಆದರೆ ಬೇರೆಯವರ ಕೈ ಹಿಡಿಯುವಾಗೆಲ್ಲ ಅವಳ ಕೈಯೂ ಬೆಳಕಿಗೆ ಬೀಳುತ್ತಿತ್ತಲ್ಲ, ಅದೇ ಅವಳ ಸಂಕಟ.

ಗಂಡಾಗಿ ಹುಟ್ಟಿದ್ದ ಮೈ, ಹಾರ್ಮೋನ್ ಚಿಕಿತ್ಸೆ ಶುರುವಾದ ಮೇಲೆ, ನಿಧಾನವಾಗಿ ಅವಳ ಮಾತು ಕೇಳತೊಡಗಿತ್ತು. ಕೆನ್ನೆ ತುಂಬಿತ್ತು. ಚರ್ಮ ನಯವಾಗಿತ್ತು. ಬಸ್ಸಿನಲ್ಲಿ ಕಂಡಕ್ಟರುಗಳು "ಅಕ್ಕ, ಮುಂದೆ ಹೋಗಿ" ಎನ್ನುತ್ತಿದ್ದರು. ಹಾಗೆ ಹೆಂಗಸರ ಸೀಟಿನತ್ತ ತಳ್ಳಿಸಿಕೊಂಡು ಖುಷಿಪಡುವ ಪ್ರಯಾಣಿಕೆ ಮಂಗಳೂರಿನ ಸಿಟಿ ಬಸ್ಸುಗಳಲ್ಲಿ ಅವಳೊಬ್ಬಳೇ ಇದ್ದಿರಬೇಕು. ಕೈಯ ನರಗಳು ಮಾತ್ರ ಮುಷ್ಕರ ಹೂಡಿದ್ದವು. ಹಿಂದೆ ಬೈಕಂಪಾಡಿಯ ಗೋದಾಮಿನಲ್ಲಿ ಪೆಟ್ಟಿಗೆ ಹೊತ್ತು ಹೊತ್ತು ಉಬ್ಬಿದ್ದವು ಅವು. ಈಗ ಚರ್ಮ ತೆಳುವಾದಷ್ಟೂ ಇನ್ನಷ್ಟು ಮೇಲೆ ಬಂದು, ರಸ್ತೆ ಅಗೆದು ಮುಚ್ಚಲು ಮರೆತ ಜಾಗದ ಕೇಬಲ್ಲುಗಳ ಹಾಗೆ ಕಾಣುತ್ತಿದ್ದವು. ಗಿರಾಕಿಯೊಬ್ಬಳು ಬಳೆ ತೊಡುತ್ತ ಆ ಕೈ ನೋಡಿ, ಮುಖ ನೋಡಿ, ಮತ್ತೆ ಕೈ ನೋಡಿದ ದಿನ ಮನ್ವಿತಾ ಊಟ ಮಾಡಿರಲಿಲ್ಲ.

ಹಾರ್ಮೋನಿನ ಡಾಕ್ಟರಮ್ಮನನ್ನು ಕೇಳಿಯೂ ಆಗಿತ್ತು.

"ನೋವುಂಟಾ? ಊತ ಉಂಟಾ? ಇಲ್ಲ ಅಲ್ವಾ? ಹಾಗಾದ್ರೆ ತಲೆಬಿಸಿ ಬೇಡ. ಮತ್ತೆ, ಅದು ನರ ಅಲ್ಲ, ರಕ್ತನಾಳ."

"ಎಂತದೇ ಆಗ್ಲಿ ಡಾಕ್ಟ್ರೇ, ಹೋಗುದಿಲ್ವಾ?"

"ಕೆಲವರಿಗೆ ಕಡಿಮೆ ಆಗ್ತದೆ, ಕೆಲವರಿಗೆ ಇಲ್ಲ. ಸೆಕೆಗೆ ಉಬ್ಬುತ್ತದೆ, ತಂಪಿಗೆ ಇಳೀತದೆ. ಕೈ ಎದೆಯಿಂದ ಮೇಲೆ ಹಿಡಿದ್ರೂ ಇಳೀತದೆ. ಅಷ್ಟೇ."

ಡಾಕ್ಟರಮ್ಮ ಹೇಳಿದ್ದು ಶರೀರದ ಸ್ವಭಾವವನ್ನು. ಮನ್ವಿತಾ ಅದನ್ನು ಔಷಧದ ಚೀಟಿಯೆಂದು ತೆಗೆದುಕೊಂಡಳು.

ಹಾಗಾಗಿ ಭಾನುವಾರ ಬೆಳಿಗ್ಗೆ ಅವಳು ಮೊದಲು ತಂಪು ಹುಡುಕಿಕೊಂಡು ಹೋದಳು. ಮೇ ತಿಂಗಳು. ನಲ್ಲಿಯಲ್ಲಿ ಬರುವ ನೀರಿಗೆ ಚಹಾಪುಡಿ ಹಾಕಿದರೆ ಸಾಕು ಎಂಬಂಥ ಸೆಕೆ. ಅವಳು ಬಾಡಿಗೆಗಿದ್ದದ್ದು ಜೆಪ್ಪುವಿನಲ್ಲಿ ಮಟಿಲ್ಡಾ ಬಾಯಿಯ ಮನೆಯ ಹಿಂಬದಿಯ ಎರಡು ಕೋಣೆಗಳಲ್ಲಿ. ಮನೆ ಕೇಳಿಕೊಂಡು ಬಂದ ದಿನ ಮನ್ವಿತಾ ಹೆದರುತ್ತ ಹೆದರುತ್ತ ತನ್ನ ವಿಷಯ ಎಲ್ಲ ಹೇಳಿದ್ದಳು. ಮಟಿಲ್ಡಾ ಬಾಯಿ ಪೂರ್ತಿ ಕೇಳಿ, "ಅದೆಲ್ಲ ಸರಿ. ಟ್ಯಾಂಕಿ ತುಂಬಿದ ಕೂಡ್ಲೆ ಪಂಪ್ ಆಫ್ ಮಾಡ್ತೀಯಾ?" ಎಂದು ಮಾತ್ರ ಕೇಳಿದ್ದರು.

"ಬಾಯಿ, ಸ್ವಲ್ಪ ಐಸ್ ಉಂಟಾ?"

ಬೆಳಗಿನ ಪೂಜೆ ಮುಗಿಸಿ ಇಗರ್ಜಿಯಿಂದ ಆಗಷ್ಟೇ ಬಂದಿದ್ದ ಬಾಯಿ ಫ್ರೀಝರ್ ತೆರೆದರು. "ಐಸ್ ಇಲ್ಲ. ಬಂಗುಡೆ ಉಂಟು. ಕಲ್ಲಿನ ಹಾಗೆ ಆಗಿದೆ, ಹಿಡ್ಕೋ."

ಎರಡೂ ಕೈಗೆ ಒಂದೊಂದು ಬಂಗುಡೆಯ ಪೊಟ್ಟಣ ಒತ್ತಿಕೊಂಡು ಮನ್ವಿತಾ ಕುಳಿತಳು. ಉಪಾಯ ಫಲಿಸಿತು. ನರಗಳು ಒಂದೊಂದಾಗಿ ಒಳಗೆ ಸರಿದವು. ಆದರೆ ಪೊಟ್ಟಣ ತೂತಾಗಿತ್ತು. ಅವಳು ಎದ್ದಾಗ ಕೈ ಮೀನು ಮಾರ್ಕೆಟಿನ ಕಟ್ಟೆಯ ಹಾಗೆ ನಾರುತ್ತಿತ್ತು. ಬಾಯಿಯ ಬೆಕ್ಕು ಅವಳನ್ನು ಹಿಂದೆಂದೂ ಇಲ್ಲದ ಪ್ರೀತಿಯಿಂದ ನೋಡಿತು. ಲಿಂಬೆಹುಳಿ ಹಾಕಿ, ಸೋಪು ಹಾಕಿ, ತೆಂಗಿನ ನಾರಿನಲ್ಲಿ ತಿಕ್ಕಿದಳು. ವಾಸನೆ ಹೋಯಿತು, ತಿಕ್ಕಿದ ಬಿಸಿಗೆ ನರಗಳು ಮೊದಲಿಗಿಂತ ದಪ್ಪವಾಗಿ ಎದ್ದು ಬಂದವು.

ಇನ್ನು ಉಳಿದದ್ದು ಎರಡನೆಯ ಉಪಾಯ. ಅವಳು ಎರಡೂ ಕೈ ಮೇಲೆತ್ತಿಕೊಂಡು ಅಂಗಳಕ್ಕೆ ಬಂದಳು, ಗಾಳಿಯಾದರೂ ತಾಗಲಿ ಎಂದು.

ಅಂಗಳದ ಮಾವಿನ ಮರದ ಕೆಳಗೆ ಆ ಹೊತ್ತಿಗೆ ಓಣಿಯವರ ಸಭೆ ನಡೆಯುತ್ತಿತ್ತು. ಚರಂಡಿಯ ವಿಷಯ. ಸಭೆ ಕರೆದವರು ಎದುರು ಮನೆಯ ನೋಣಯ್ಯ. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಅವರಿಗೆ ಓಣಿಯೇ ಬ್ರಾಂಚು. ಮಳೆಗಾಲಕ್ಕೆ ಮೊದಲು ಚರಂಡಿಯ ಹೂಳು ತೆಗೆಸಬೇಕು, ಅದಕ್ಕೆ ಪಾಲಿಕೆಯ ಕಚೇರಿಗೆ ಓಡಾಡುವ ಒಬ್ಬರು ಕಾರ್ಯದರ್ಶಿ ಬೇಕು ಎಂದು ಅವರು ಬಹಳ ಹೊತ್ತಿನಿಂದ ಗಂಟಲು ಹರಿದುಕೊಳ್ಳುತ್ತಿದ್ದರು. ಕುಳಿತವರೆಲ್ಲ ತಮ್ಮ ತಮ್ಮ ಚಪ್ಪಲಿಯನ್ನೇ ನೋಡುತ್ತಿದ್ದರು.

"ಯಾರೂ ಇಲ್ವಾ? ಇಷ್ಟು ದೊಡ್ಡ ಓಣಿಯಲ್ಲಿ ಒಬ್ರಿಗೂ ಸಾಮಾಜಿಕ ಕಳಕಳಿ ಇಲ್ವಾ? ಇದ್ದವರು ಕೈ ಎತ್ತಿ!"

ಎಲ್ಲರೂ ತಲೆ ಎತ್ತಿದರು. ಮೆಟ್ಟಿಲ ಮೇಲೆ ಮನ್ವಿತಾ ನಿಂತಿದ್ದಳು, ಎರಡೂ ಕೈ ಆಕಾಶಕ್ಕೆ ಚಾಚಿ.

"ನೋಡಿ!" ನೋಣಯ್ಯನ ಸ್ವರ ಗದ್ಗದವಾಯಿತು. "ಬಾಡಿಗೆಗೆ ಇರುವ ಹುಡುಗಿ. ಒಂದಲ್ಲ, ಎರಡು ಕೈ ಎತ್ತಿದ್ದಾಳೆ!"

"ಅಯ್ಯೋ ನೋಣಯ್ಯಣ್ಣ, ನಾನು ಅದಕ್ಕಲ್ಲ, ಇದು ನನ್ನ ನರ..."

"ನರನರದಲ್ಲೂ ಸೇವೆ ಅಂದ್ರೆ ಇದು! ಚಪ್ಪಾಳೆ ಹೊಡೀರಿ."

ಚಪ್ಪಾಳೆಯ ಸದ್ದು ಮೀನು ಮಾರುವವಳ ಕೂಗನ್ನೂ ಮುಳುಗಿಸಿತು. ತಪ್ಪಿಸಿಕೊಂಡ ಸಂತೋಷದಲ್ಲಿ ಹೊಡೆದ ಚಪ್ಪಾಳೆ ಯಾವಾಗಲೂ ಜೋರು. ಮನ್ವಿತಾ ಕೈ ಇಳಿಸಿ ನಿರಾಕರಿಸಬೇಕೆಂದಿದ್ದಳು, ಆದರೆ ನರಗಳು ಆಗಷ್ಟೇ ಇಳಿಯತೊಡಗಿದ್ದವು. ಕೈ ಮೇಲಿಟ್ಟುಕೊಂಡೇ "ಬೇಡ, ಬೇಡ" ಎಂದು ಬೆರಳು ಆಡಿಸಿದಳು. ಸಭೆ ಅದನ್ನು ಟಾಟಾ ಎಂದು ತಿಳಿದು ತಿರುಗಿ ಕೈ ಬೀಸಿತು.

ನೋಣಯ್ಯ ಅವಳನ್ನು ಮರದ ಕೆಳಗೆ ನಿಲ್ಲಿಸಿಕೊಂಡು ಭಾಷಣ ಶುರುಮಾಡಿದರು. ಚರಂಡಿಯ ಇತಿಹಾಸ, ಹಿಂದಿನ ನೆರೆಗಳು, ತಾವು ಬರೆದ ಮನವಿಗಳು. ಮನ್ವಿತಾಳ ತೋಳು ಸೋಲತೊಡಗಿತು. ಪಕ್ಕದಲ್ಲೇ ಹೆಗಲಿಗಿಂತ ಸ್ವಲ್ಪ ಎತ್ತರಕ್ಕೆ ಮಾವಿನ ಕೊಂಬೆಯೊಂದು ಬಾಗಿತ್ತು, ಅವಳಿಗಾಗಿಯೇ ಮಾಡಿಸಿಟ್ಟ ಹಾಗೆ. ಮೆಲ್ಲನೆ ಎರಡೂ ಕೈಗಳನ್ನು ಅದರ ಎಲೆಗಳ ಮೇಲೆ ಇರಿಸಿ ಕಣ್ಣು ಮುಚ್ಚಿದಳು. ಆಹಾ, ಎಂಥ ಸುಖ!

ಆ ಎಲೆಗಳನ್ನು ಕೆಂಪಿರುವೆಗಳು ಹೆಣೆದು ಗೂಡು ಕಟ್ಟಿದ್ದವು.

ಮುಂದಿನದು ಭಾಷಣಕ್ಕೆ ಒಗ್ಗುವಂಥದ್ದಲ್ಲ. ಮನ್ವಿತಾ ಒಂದು ಕೂಗು ಹಾಕಿ ಅಂಗಳದ ತುಂಬ ಕೈ ಕೊಡವುತ್ತ ಹಾರಿದಳು. ಅವಳಿಂದ ಹಾರಿದ ಇರುವೆಗಳು ನೋಣಯ್ಯನ ಪಂಚೆ ಸೇರಿದವು. ಚರಂಡಿಯ ಇತಿಹಾಸ ಅರ್ಧಕ್ಕೇ ನಿಂತಿತು. ಸಭಾಧ್ಯಕ್ಷರೂ ಹೊಸ ಕಾರ್ಯದರ್ಶಿಯೂ ಎದುರುಬದುರು ಕುಣಿಯುವುದನ್ನು ಓಣಿಯವರು ಮೊಬೈಲಿನಲ್ಲಿ ಹಿಡಿದುಕೊಂಡರು.

ಮಟಿಲ್ಡಾ ಬಾಯಿ ಮನ್ವಿತಾಳನ್ನು ಎಳೆದುಕೊಂಡು ಒಳಗೆ ಹೋಗಿ ಕೈಗೆ ತೆಂಗಿನೆಣ್ಣೆ ಸುರಿದರು. "ಆ ಕೊಂಬೆಗೆ ನನ್ನ ಬೆಕ್ಕು ಸಹ ಹತ್ತುದಿಲ್ಲ! ನಿಂಗೆ ಎಂತ ಆಗಿತ್ತು?"

ಉರಿ ತುಸು ತಗ್ಗಿದ ಮೇಲೆ ಮನ್ವಿತಾ ಕಣ್ಣೊರಸಿಕೊಂಡು ಕೈ ನೋಡಿದಳು. ನೋಡಿದವಳು ಹಾಗೇ ಕುಳಿತಳು. ಬೆರಳಿನಿಂದ ಮಣಿಕಟ್ಟಿನವರೆಗೆ ಎರಡೂ ಕೈ ಉಬ್ಬಿ, ಎಣ್ಣೆಯಿಂದ ಆಗಷ್ಟೇ ತೆಗೆದ ಬನ್ಸ್ ಹಾಗೆ ದುಂಡಗೆ ಹೊಳೆಯುತ್ತಿದ್ದವು. ನರದ ಗುರುತು ಒಂದೂ ಇರಲಿಲ್ಲ! ವರ್ಷಗಟ್ಟಲೆ ಮಾತ್ರೆ ನುಂಗಿ ಆಗದ್ದನ್ನು ಇರುವೆಗಳು ಒಂದು ಗಳಿಗೆಯಲ್ಲಿ ಪುಕ್ಕಟೆ ಮಾಡಿಕೊಟ್ಟಿದ್ದವು.

"ಬಾಯಿ," ಎಂದಳು ಅಳು ನಗು ಎರಡೂ ಬೆರೆತು, "ನನ್ನ ಕೈ ಚಂದ ಆಯ್ತು."

ಬಾಯಿ ಅವಳ ಹಣೆ ಮುಟ್ಟಿ ಜ್ವರ ಉಂಟೋ ನೋಡಿದರು.

ಮಧ್ಯಾಹ್ನ ಅಂಗಡಿಯಲ್ಲಿ ಕ್ಯಾಮರಾದ ಅಶ್ವಿತ್ ದೀಪ ಹೊಂದಿಸಿಕೊಂಡು ಕಾಯುತ್ತಿದ್ದ. ಕಪ್ಪು ಬಟ್ಟೆಯ ಮೇಲೆ ಹೊಸ ಬಳೆಗಳು ಹರಡಿದ್ದವು, ಹಳೆಯ ಕಾಲದ ಕೆತ್ತನೆಯವು. ರಿಯಾಝ್ ಒಂದು ಜೊತೆ ಎತ್ತಿಕೊಂಡು, "ಕೈ ಕೊಡು" ಎಂದ. ಮನ್ವಿತಾ ಹೆಮ್ಮೆಯಿಂದ ದುಪಟ್ಟಾದ ಮರೆಯಿಂದ ಕೈ ಹೊರತೆಗೆದಳು.

ರಿಯಾಝನ ಮುಖ ಕರೆಂಟ್ ಹೋದ ಅಂಗಡಿಯ ಹಾಗಾಯಿತು.

"ಎಂತದಿದು? ನಿನ್ನ ನರ ಎಲ್ಲಿ?"

"ಇಳಿಸಿದೆ ರಿಯಾಝ್ ಭಾಯ್."

"ಇಳಿಸಿದ್ಯಾ? ನನಗೆ ಬೇಕಾಗಿದ್ದದ್ದೇ ಅದು ಮಾರಾಯ್ತಿ!"

ರಿಯಾಝ್ ಸ್ಟೂಲಿನ ಮೇಲೆ ಕುಸಿದ. "ಇದು ತಾಯಂದಿರಿಗೆ ಅಂತ ತರಿಸಿದ ಬಳೆ. ಎಲ್ಲಾ ಅಂಗಡಿಯವರು ಬೆಣ್ಣೆಯ ಹಾಗಿರುವ ಕೈ ತೋರಿಸ್ತಾರೆ. ಅದು ಅಡುಗೆಕೋಣೆ ಕಂಡ ಕೈ ಅಲ್ಲ, ಬಟ್ಟೆ ಒಗೆದ ಕೈ ಅಲ್ಲ. ನನಗೆ ದುಡಿದ ಹೆಂಗಸಿನ ಕೈ ಬೇಕಿತ್ತು. ನೀನು ಗಿರಾಕಿಗಳಿಗೆ ಬಳೆ ಹಾಕುವಾಗ ನಾನು ಎಷ್ಟು ಸಲ ನೋಡಿದ್ದೇನೆ, ನನ್ನ ಉಮ್ಮನ ಕೈಯ ಹಾಗೇ ಉಂಟು ಅಂತ."

ಅಷ್ಟು ಮಾತಿನಲ್ಲಿ ಮನ್ವಿತಾಳ ಕಿವಿಗೆ ಬಿದ್ದದ್ದು 'ಹೆಂಗಸಿನ ಕೈ' ಎಂಬುದೊಂದೇ. ಯಾವ ಕೈಯನ್ನು ಅವಳು ಇಷ್ಟು ದಿನ ದುಪಟ್ಟಾದಲ್ಲಿ ಸುತ್ತಿಟ್ಟಿದ್ದಳೋ ಆ ಕೈಯನ್ನು ನೋಡಿಯೇ ಇವನು ಹಾಗೆ ಅಂದುಕೊಂಡಿದ್ದ. ಅವಳು ಊದಿದ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿದಳು. ಮರುಗಳಿಗೆಗೆ ಗಾಬರಿಯಾಯಿತು.

"ತರಿಸ್ತೇನೆ! ನರ ಈಗ ತರಿಸ್ತೇನೆ! ಸ್ವಲ್ಪ ಟೈಮ್ ಕೊಡಿ!"

ಬೆಳಗಿನ ವಿದ್ಯೆಯನ್ನೆಲ್ಲ ಅವಳು ತಲೆಕೆಳಗು ಮಾಡಿದಳು. ಕೈ ಕೆಳಗೆ ಇಳಿಬಿಟ್ಟು ಮೆಟ್ಟಿಲು ಹತ್ತಿ ಇಳಿದಳು. ಬಿಸಿ ಚಹಾದ ಗ್ಲಾಸನ್ನು ಅಪ್ಪಿಕೊಂಡಳು. ಗೋಡೌನಿನಿಂದ ಬಳೆಯ ಪೆಟ್ಟಿಗೆಗಳನ್ನು ಹೊತ್ತು ತಂದು, ಹೊತ್ತು ಒಯ್ದು, ಮತ್ತೆ ತಂದಳು. ವರ್ಷದಿಂದ ಆಚೀಚೆ ಆಗದಿದ್ದ ಗೋಡೌನು ಅಂದು ಚೊಕ್ಕವಾಯಿತು. ನರ ಬರಲಿಲ್ಲ. ಊತ ಮೊಣಕೈಯತ್ತ ಏರಿತು. ಪ್ಲಾಸ್ಟಿಕ್ ಕವರ್ ಹಾಕಿ, ಸೋಪು ಸವರಿ ರಿಯಾಝ್ ಬಳೆ ತೂರಿಸಲು ನೋಡಿದ; ಅದು ಬೆರಳಗೆಣ್ಣು ದಾಟಲಿಲ್ಲ.

"ಅವಳ ಕೈ ತುಂಡು ಮಾಡ್ತೀಯಾ?"

ಬಾಗಿಲಲ್ಲಿ ರಿಯಾಝನ ತಾಯಿ ಆಸ್ಯಮ್ಮ ನಿಂತಿದ್ದರು, ಊಟದ ಬುತ್ತಿ ಹಿಡಿದುಕೊಂಡು. ಮಗನನ್ನು ಆಚೆ ತಳ್ಳಿ ಮನ್ವಿತಾಳ ಕೈ ತಮ್ಮ ಕೈಗೆ ತೆಗೆದುಕೊಂಡು ಊದಿದರು. "ಎಷ್ಟು ಚಂದದ ಕೈ ಇತ್ತು. ಯಾರ ಕಣ್ಣು ಬಿತ್ತೋ."

ಅಶ್ವಿತ್ ಮಾತ್ರ ಊತದ ಕೈ ನೋಡುತ್ತಿರಲಿಲ್ಲ. ಅದನ್ನು ಹಿಡಿದಿದ್ದ ಇನ್ನೆರಡು ಕೈಗಳನ್ನು ನೋಡುತ್ತಿದ್ದ. ನೀಲಿ ನರಗಳು ನದಿಯ ಕವಲುಗಳ ಹಾಗೆ ಹರಡಿದ್ದವು.

"ರಿಯಾಝ್ ಭಾಯ್," ಎಂದ, "ಉಮ್ಮ ಉಂಟಲ್ಲ?"

ಆಸ್ಯಮ್ಮ ಮೊದಲು "ಹೋಗೋ ಆಚೆ" ಎಂದರು. ಆಮೇಲೆ ಉಗುರು ನೋಡಿಕೊಂಡರು. ಆಮೇಲೆ ಎರಡನೇ ಟೇಕಿಗೆ ಬೆಳಕು ಸಾಲದು ಎಂದು ಅಶ್ವಿತನನ್ನೇ ಗದರಿಸಿದರು. ಮನ್ವಿತಾ ಪಕ್ಕದಲ್ಲಿ ನಿಂತು ಮುಂದಿನ ಬಳೆಯನ್ನು ಎರಡು ಬನ್ಸುಗಳ ನಡುವೆ ಹಿಡಿದು ಕೊಡುತ್ತಿದ್ದಳು. ತಾನಿರಬೇಕಾದ ಜಾಗದಲ್ಲಿ ಆಸ್ಯಮ್ಮನ ಕೈ ಮಿಂಚುವುದನ್ನು ನೋಡಿ ಹೊಟ್ಟೆ ಉರಿಯಿತೆಂದರೆ ಸುಳ್ಳಲ್ಲ. ಆದರೂ ಉಬ್ಬಿದ ನರಗಳ ಚಂದ ಅವಳಿಗೆ ಮೊದಲ ಸಲ ಕಂಡಿತು.

ಸಂಜೆ ಅವಳು ಜೆಪ್ಪುವಿನಲ್ಲಿ ಆಟೋ ಇಳಿಯುವಾಗ ಓಣಿಯ ಬಾಯಲ್ಲೇ ಜನ ನಿಂತಿದ್ದರು.

"ಕಂಗ್ರಾಟ್ಸ್ ಮನ್ವಿತಾ!" ನೋಣಯ್ಯ ಕುಂಟುತ್ತ ಬಂದರು. "ರೀಲ್ ನೋಡಿದೆ. ಗ್ರೂಪಿಗೂ ಹಾಕಿದ್ದೇನೆ. ಎಂಥ ಕೈ ಮಾರಾಯ್ತಿ ನಿಂದು!"

ಮನ್ವಿತಾ ಫೋನ್ ತೆರೆದಳು. ಆಸ್ಯಮ್ಮನ ಕೈಗಳು ಬಳೆ ಮೇಲೆ ಬಳೆ ತೊಡುತ್ತಿದ್ದವು. ಕೆಳಗೆ ದೊಡ್ಡ ಅಕ್ಷರದಲ್ಲಿ: 'ಕೈ: ನಮ್ಮ ಮನ್ವಿತಾ.' ಅಶ್ವಿತ್ ಬೆಳಿಗ್ಗೆಯೇ ಬರೆದಿಟ್ಟಿದ್ದ ಸಾಲನ್ನು ಬದಲಿಸಲು ಮರೆತು ಬಿಟ್ಟಿದ್ದ. ಅಡಿಯಲ್ಲಿ ಮೆಚ್ಚುಗೆಯ ಮಳೆ: 'ನನ್ನ ಅಮ್ಮನ ನೆನಪಾಯಿತು', 'ಈ ಕೈಗೆ ಮುತ್ತು ಕೊಡಬೇಕು'.

"ಅದು ನನ್ನ ಕೈ ಅಲ್ಲ ನೋಣಯ್ಯಣ್ಣ! ಅವರಿಗೆ ಎಪ್ಪತ್ತು ವರ್ಷ!"

"ವಿನಯ ಒಳ್ಳೆಯದು, ಆದ್ರೆ ಇಷ್ಟು ಬೇಡ. ಆ ನರ ನೋಡಿದ ಕೂಡ್ಲೆ ಇಡೀ ಓಣಿಗೆ ಗುರುತು ಸಿಕ್ಕಿತು."

ಅಷ್ಟರಲ್ಲಿ ರಿಯಾಝನ ಫೋನ್ ಬಂತು. "ಮನ್ವಿತಾ, ರೀಲ್ ಭಾರೀ ಓಡ್ತಾ ಉಂಟು! ನಾಳೆ ಆ ಕೈ ನೋಡ್ಲಿಕ್ಕೇ ಅಂಗಡಿಗೆ ಬರ್ತಾರಂತೆ. ಆದ್ರೆ ಒಂದು ತಾಪತ್ರಯ. 'ನನ್ನ ಕೈಗೆ ಬೇರೆಯವಳ ಹೆಸರಾ' ಅಂತ ಉಮ್ಮ ಸಿಟ್ಟಾಗಿ ರೂಮಿನ ಬಾಗಿಲು ಹಾಕಿ ಕೂತಿದ್ದಾರೆ. ಇನ್ನು ಅಂಗಡಿಗೆ ಕಾಲಿಡುದಿಲ್ಲ ಅಂತ. ಹಾಗಾಗಿ ಬೆಳಿಗ್ಗೆ ನೀನೇ ನಿಲ್ಲಬೇಕು, ಆಯ್ತಾ? ಕೈ ಮಾತ್ರ ಆ ರೀಲಿನ ಹಾಗೇ ಇರ್ಬೇಕು."

ಫೋನ್ ಕಟ್ಟಾಯಿತು. ಮಟಿಲ್ಡಾ ಬಾಯಿ ಕನ್ನಡಕ ಹಾಕಿಕೊಂಡು ಬಂದರು. ಒಂದು ಕೈಯಲ್ಲಿ ರೀಲ್ ಓಡುತ್ತಿದ್ದ ಮೊಬೈಲ್ ಹಿಡಿದು, ಇನ್ನೊಂದರಲ್ಲಿ ಮನ್ವಿತಾಳ ಕೈ ಎತ್ತಿ, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರು.

"ಇದರಲ್ಲಿ ಎಷ್ಟು ಲಕ್ಷಣ ಉಂಟು ನೋಡು. ಹೆಂಗಸಿನ ಕೈ ಅಂದ್ರೆ ಹೀಗಿರ್ಬೇಕು. ನಿನ್ನೆವರೆಗೆ ನಿಂದು ಹೀಗೇ ಇತ್ತಲ್ಲ, ಹಾಳು ಮಾಡಿಕೊಂಡೆ."

ಮನ್ವಿತಾ ಹಿತ್ತಲ ಮೆಟ್ಟಿಲ ಮೇಲೆ, ಸಂಜೆಯ ಸೆಕೆ ಹೆಚ್ಚು ಇರುವ ಕಡೆಯನ್ನೇ ಆರಿಸಿ ಕುಳಿತಳು. ಎರಡೂ ಕೈಗಳನ್ನು ಮೊಣಕಾಲಿನಿಂದ ಕೆಳಗೆ ಜೋತುಬಿಟ್ಟು, ಬಾರದ ನರಗಳ ದಾರಿ ಕಾಯತೊಡಗಿದಳು.